ನಾಯಿಯ ಉಣ್ಣೆ (ರಕ್ತ ಹೀರುವ ಉಣ್ಣಿ) ಹೋಗಿ ಮತ್ತೆ ಬರುತ್ತಿದೆಯೇ? ಗೋಡೆಯನ್ನೂ ನೋಡಿ: ಮನೆ, ಕೊಟ್ಟಿಗೆ, ರೇಷ್ಮೆ ಹುಳುಮನೆ ಇರುವವರಿಗೆ ಸಮಗ್ರ ಮಾರ್ಗದರ್ಶಿ

ಯುಗಾದಿ ಕಳೆದು ಬಿಸಿಲು ಏರುತ್ತಿದ್ದಂತೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆ ನಾಯಿ ಸಾಕಿದವರ ದೂರು ಒಂದೇ. ಸೋಪು ಹಾಕಿ ತೊಳೆದಾಯಿತು, ಔಷಧಿ ಹಚ್ಚಿದ್ದಾಯಿತು, ಸೂಜಿಯೂ ಹಾಕಿಸಿದ್ದಾಯಿತು, ಹದಿನೈದು ದಿನಕ್ಕೆ ನೋಡಿದರೆ ಕಿವಿ ತುಂಬ ಮತ್ತೆ ಉಣ್ಣೆ. ಔಷಧಿಯೇ ನಕಲಿ ಇರಬೇಕೆಂದು ಇನ್ನೊಂದು ತರುತ್ತಾರೆ, ಅದೂ ಸಾಲದೆ ಹಸುವಿಗೆ ತಂದಿಟ್ಟಿದ್ದನ್ನು ನಾಯಿಗೆ ಸುರಿಯುತ್ತಾರೆ. ಅಲ್ಲಿಗೆ ಉಣ್ಣೆಗಿಂತ ಮೊದಲು ನಾಯಿಯ ಪ್ರಾಣಕ್ಕೇ ಸಂಚಕಾರ ಬರುತ್ತದೆ.

ಇಂಥ ಕಡೆ ಕೆಟ್ಟಿರುವುದು ಬಹುಪಾಲು ಔಷಧಿಯಲ್ಲ, ಕೆಲಸದ ಕ್ರಮ. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡದೆ, ನಡುವೆ ಒಂದನ್ನೂ ಬಿಡದೆ ಮಾಡಿ.

ಶುರುಮಾಡುವ ಮೊದಲು: ಉಣ್ಣೆ ಎಲ್ಲಿರುತ್ತದೆ?

ನಮ್ಮ ನಾಯಿಗಳಿಗೆ ಹತ್ತುವುದು ಹೆಚ್ಚಾಗಿ ಕಂದು ಬಣ್ಣದ ನಾಯಿ ಉಣ್ಣೆ. ಅದರ ಬಾಳಿನಲ್ಲಿ ಮೊಟ್ಟೆ, ಆರು ಕಾಲಿನ ಮರಿ, ಎಂಟು ಕಾಲಿನ ಎಳೆಯದು, ಬಲಿತದ್ದು ಎಂಬ ನಾಲ್ಕು ಘಟ್ಟಗಳಿವೆ. ಉಣ್ಣೆಯ ಮರಿಯು ನಾಯಿಯ ಮೈ ಹತ್ತಿ ಕೆಲವು ದಿನ ರಕ್ತ ಕುಡಿದು ಉದುರುತ್ತದೆ, ಗೋಡೆಯ ಬಿರುಕಿಗೆ ಸೇರಿ ಪೊರೆ ಕಳಚುತ್ತದೆ, ದೊಡ್ಡದಾಗಿ ಮತ್ತೆ ನಾಯಿಯನ್ನು ಹತ್ತುತ್ತದೆ. ಹೀಗೆ ಮೂರು ಸಲ ಹತ್ತಿ, ಮೂರು ಸಲ ಇಳಿಯುತ್ತದೆ. ಕೊನೆಗೆ ಹರಳುಬೀಜದಂತೆ ಊದಿದ ಹೆಣ್ಣು ಉಣ್ಣೆ ಬಿರುಕಿನೊಳಗೆ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ.

ಆದ್ದರಿಂದ ಯಾವ ದಿನ ನೋಡಿದರೂ ನಾಯಿಯ ಮೈಮೇಲೆ ಇರುವುದು ಮನೆಯಲ್ಲಿರುವ ಉಣ್ಣೆಯ ಒಂದು ಸಣ್ಣ ಪಾಲು ಮಾತ್ರ. ಉಳಿದದ್ದೆಲ್ಲ ಗೋಡೆ, ಚಪ್ಪಡಿ ಸಂದು, ಬಾಗಿಲ ಚೌಕಟ್ಟು, ಗೋಣಿಚೀಲದ ಮಡಿಕೆಗಳಲ್ಲಿ ಕೂತಿರುತ್ತದೆ. ನಮ್ಮ ಕಡೆಯ ಸೆಕೆಯಲ್ಲಿ ಮೊಟ್ಟೆಯಿಂದ ಮೊಟ್ಟೆಯವರೆಗಿನ ಸುತ್ತು ಸುಮಾರು ಎರಡು ತಿಂಗಳಲ್ಲಿ ಮುಗಿಯಬಲ್ಲದು. ಬಲಿತ ಉಣ್ಣೆ ಏನೂ ಕುಡಿಯದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೇಲೆ ಬದುಕಿರುತ್ತದೆ. ನಾಯಿಯನ್ನಷ್ಟೇ ತೊಳೆದವರಿಗೆ ಹದಿನೈದು ದಿನಕ್ಕೆ ಕಾಣುವುದು ಗೋಡೆಯಿಂದ ಇಳಿದ ಹೊಸ ತಂಡ.

ಹಸುವಿನಿಂದಲೇ ನಾಯಿಗೆ ಹತ್ತುತ್ತಿದೆ ಎಂದು ಹಲವರು ಹಸುವಿನ ಮೇಲೆ ಹೊರಿಸುತ್ತಾರೆ. ಹಸುವಿನ ಮೈಮೇಲಿನ ಉಣ್ಣೆ ಬಹುಪಾಲು ಬೇರೆ ಜಾತಿಯದು. ಕೊಟ್ಟಿಗೆಯ ಗೋಡೆಯಲ್ಲಿರುವುದು ಮಾತ್ರ ಅಲ್ಲೇ ಮಲಗುವ ನಾಯಿಯ ಉಣ್ಣೆಯೇ ಆಗಿರಬಹುದು.

ಬೇಕಾಗುವ ಸಾಮಾನು

ಚೂಪು ತುದಿಯ ಚಿಮಟ, ಕೈಗವಸು, ಹೇನು ಬಾಚಣಿಗೆ, ಟಾರ್ಚ್, ಮುಚ್ಚಳ ಇರುವ ಡಬ್ಬಿಯಲ್ಲಿ ಸೋಪಿನ ನೀರು, ತೂಕದ ಯಂತ್ರ, ಡಿಜಿಟಲ್ ಥರ್ಮಾಮೀಟರ್, ಬಿರುಕು ಮುಚ್ಚಲು ಸಿಮೆಂಟು, ಒಂದು ನೋಟ್‌ಬುಕ್. ಥರ್ಮಾಮೀಟರ್ ನಾಯಿಗೆಂದೇ ಬೇರೆ ಇರಲಿ. ನೋಟ್‌ಬುಕ್ ಯಾಕೆಂದು ಐದನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ತೂಕ ಮಾಡಿ, ಆಮೇಲೆ ಹುಡುಕಿ

ನಾಯಿಯ ಯಾವ ಔಷಧಿಯನ್ನೇ ಆಗಲಿ ತೂಕ ನೋಡಿಯೇ ಕೊಡಬೇಕು. "ಹದಿನೈದು ಕೆ.ಜಿ. ಇರಬಹುದು" ಎಂಬ ಅಂದಾಜು ಸಾಲದು. ನೀವು ಒಬ್ಬರೇ ಯಂತ್ರದ ಮೇಲೆ ನಿಲ್ಲಿ, ಆಮೇಲೆ ನಾಯಿಯನ್ನು ಎತ್ತಿಕೊಂಡು ನಿಲ್ಲಿ, ಮೊದಲನೆಯದನ್ನು ಕಳೆಯಿರಿ. ಎತ್ತಲಾಗದ ನಾಯಿಯನ್ನು ರೇಷನ್ ಅಂಗಡಿ ಅಥವಾ ಮಂಡಿಯ ತಕ್ಕಡಿಯಲ್ಲಿ ನಿಲ್ಲಿಸಿ ತೂಗಿಸಬಹುದು.

ಹುಡುಕುವಾಗ ಬೆನ್ನು ಸವರಿ ಬಿಟ್ಟುಬಿಡುವುದೇ ಎಲ್ಲರೂ ಮಾಡುವ ತಪ್ಪು. ಉಣ್ಣೆ ಇರುವುದು ಕಿವಿಯ ಒಳಮಡಿಕೆ, ಬೆರಳುಗಳ ಸಂದು, ಕೊರಳಪಟ್ಟಿಯ ಅಡಿ, ಕಂಕುಳು, ತೊಡೆಯ ಸಂದು, ಬಾಲದ ಬುಡ, ಕಣ್ಣಿನ ರೆಪ್ಪೆಯ ಅಂಚು. ಪಟ್ಟಿ ಬಿಚ್ಚಿ ನೋಡಿ. ಬೆರಳ ಸಂದುಗಳನ್ನು ಒಂದೊಂದಾಗಿ ಅಗಲಿಸಿ ಟಾರ್ಚ್ ಬಿಡಿ. ಕುಂಟುವ ನಾಯಿಗೆ ಎಷ್ಟೋ ಸಲ ಮುಳ್ಳು ಚುಚ್ಚಿರುವುದಿಲ್ಲ, ಬೆರಳ ಸಂದಿನಲ್ಲಿ ಉಣ್ಣೆ ಇರುತ್ತದೆ.

ಹಂತ 2: ಕಣ್ಣಿಗೆ ಕಂಡದ್ದನ್ನು ಕೀಳಿ

ಚಿಮಟದ ತುದಿಯನ್ನು ಚರ್ಮಕ್ಕೆ ತಾಗಿಸಿ ಉಣ್ಣೆಯ ಬಾಯಿಯ ಬಳಿ ಹಿಡಿಯಿರಿ, ಹೊಟ್ಟೆಯನ್ನಲ್ಲ. ತಿರುಚದೆ, ಜಗ್ಗದೆ, ಒಂದೇ ಸಮನೆ ನೇರವಾಗಿ ಮೇಲಕ್ಕೆ ಎಳೆಯಿರಿ. ಬಂದದ್ದನ್ನು ಸೋಪಿನ ನೀರಿಗೆ ಹಾಕಿ ಮುಚ್ಚಳ ಮುಚ್ಚಿ. ಕಚ್ಚಿದ ಜಾಗಕ್ಕೆ ಪೊವಿಡೋನ್ ಅಯೋಡಿನ್ ಹಚ್ಚಿ, ಕೈ ತೊಳೆಯಿರಿ. ಬಾಯಿಯ ಚೂರು ಒಳಗೆ ಉಳಿದರೆ ಪಿನ್ನು ಹಾಕಿ ಕೆದಕಬೇಡಿ, ತಾನೇ ಹೊರಬೀಳುತ್ತದೆ.

ಉಗುರಿನಿಂದ ಒತ್ತಿ ಒಡೆಯುವುದು, ಕಲ್ಲಿನ ಮೇಲಿಟ್ಟು ಅರೆಯುವುದು ಬೇಡವೇ ಬೇಡ. ಮನುಷ್ಯರಿಗೆ ಬರುವ ಒಂದು ಬಗೆಯ ಟೈಫಸ್ ಜ್ವರದ ರೋಗಾಣು ಈ ಉಣ್ಣೆಯ ಮೈಯಲ್ಲಿ ಇರಬಹುದು. ಒಡೆದ ಉಣ್ಣೆಯ ರಸ ಕೈಯ ಗಾಯಕ್ಕೋ ಕಣ್ಣಿಗೋ ತಾಗಬಾರದು. ಮಕ್ಕಳಿಗೆ ಈ ಕೆಲಸ ಕೊಡಬೇಡಿ.

ಬೆಂಕಿಕಡ್ಡಿ ತಾಗಿಸುವುದು, ಸೀಮೆಎಣ್ಣೆ ಸುರಿಯುವುದು, ಹೊಗೆಸೊಪ್ಪಿನ ನೀರು ಹಚ್ಚುವುದು ಇವತ್ತಿಗೂ ನಡೆಯುತ್ತಿದೆ. ಸೀಮೆಎಣ್ಣೆ ಚರ್ಮ ಸುಡುತ್ತದೆ. ಹೊಗೆಸೊಪ್ಪಿನ ನಿಕೋಟಿನ್ ಅನ್ನು ನಾಯಿ ನೆಕ್ಕಿದರೆ ನೇರ ವಿಷ. ಸೀತಾಫಲದ ಬೀಜ ಅರೆದು ಹಚ್ಚುವುದರ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. ನಮ್ಮ ಗುಡ್ಡಗಳಲ್ಲಿ ಸೀತಾಫಲ ಬೇಕಾದಷ್ಟು ಸಿಗುತ್ತದೆ, ಹಾಗಾಗಿ ಕೈಗೆ ಬೇಗ ಬರುವ ಮದ್ದು ಅದೇ. ಅದರ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಕರಿಗುಡ್ಡೆಯ ಮೇಲ್ಪೊರೆ ಹುಣ್ಣಾಗುತ್ತದೆ. ಕಿವಿಗೆ ಹಚ್ಚಿದ್ದನ್ನು ನಾಯಿ ಕಾಲಲ್ಲಿ ಕೆರೆದು ಕಣ್ಣಿಗೆ ಒರೆಸಿಕೊಳ್ಳುತ್ತದೆ.

ಮೈತುಂಬ ನೂರಾರು ಇದ್ದರೆ ಎಲ್ಲವನ್ನೂ ಕೀಳಲು ಕೂರಬೇಡಿ. ಕಣ್ಣು, ಕಿವಿ, ಬೆರಳಿನವನ್ನು ಕಿತ್ತು ಮುಂದಿನ ಹಂತಕ್ಕೆ ಹೋಗಿ.

ಹಂತ 3: ನಾಯಿಗೆ ಒಂದೇ ಒಂದು ಔಷಧಿ

ಒಂದು ನಾಯಿಗೆ ಒಂದು ಹೊತ್ತಿಗೆ ಒಂದೇ ಉಣ್ಣೆ ಔಷಧಿ. ಮನೆಯಲ್ಲಿ ಎಷ್ಟು ನಾಯಿಗಳಿವೆಯೋ ಅಷ್ಟಕ್ಕೂ ಅದೇ ದಿನ.

*ನುಂಗಿಸುವ ಮಾತ್ರೆ.* ಅಫೋಕ್ಸೊಲಾನರ್, ಸರೋಲಾನರ್ ಇರುವವು ಒಂದು ತಿಂಗಳು, ಫ್ಲುರಲಾನರ್ ಇರುವುದು ಹನ್ನೆರಡು ವಾರ ಕೆಲಸ ಮಾಡುತ್ತವೆ. ಬೆಲೆ ಹೆಚ್ಚು, ಆದರೂ ಪದೇಪದೇ ಸೋತವರಿಗೆ ನಾನು ಮೊದಲು ಹೇಳುವುದು ಇದನ್ನೇ. ಸ್ನಾನದಲ್ಲಿ ತೊಳೆದು ಹೋಗುವುದಿಲ್ಲ, ಮಳೆಗೆ ಹೆದರಬೇಕಿಲ್ಲ, ಮೈಗೆ ಹಚ್ಚಿದ ಔಷಧಿ ಮಕ್ಕಳ ಕೈಗೆ ಅಂಟುವ ಚಿಂತೆಯಿಲ್ಲ. ಫ್ಲುರಲಾನರ್ ಮಾತ್ರೆಯನ್ನು ಊಟದ ಜೊತೆಯೇ ಕೊಡಿ, ಬರಿಹೊಟ್ಟೆಯಲ್ಲಿ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಮಾತ್ರೆಯನ್ನು ಮುರಿದು ಎರಡು ನಾಯಿಗೆ ಹಂಚಬೇಡಿ. ಫಿಟ್ಸ್ ಬರುವ ನಾಯಿ, ಗಬ್ಬದ ನಾಯಿ, ಎರಡು ತಿಂಗಳೊಳಗಿನ ಮರಿ ಇದ್ದರೆ ವೈದ್ಯರನ್ನು ಕೇಳದೆ ಬೇಡ. ಎಳೆ ಮರಿಗೆ ಬಾಚಣಿಗೆ, ಚಿಮಟವೇ ಸಾಕು.

ಇಲ್ಲೇ ಹಲವರು ಎಡವುತ್ತಾರೆ. ಉಣ್ಣೆ ಕಚ್ಚಿ ರಕ್ತ ಕುಡಿದ ಮೇಲೆಯೇ ಈ ಮಾತ್ರೆ ಅದನ್ನು ಕೊಲ್ಲುವುದು. ಮಾತ್ರೆ ಕೊಟ್ಟ ಮಾರನೇ ದಿನವೂ ಜೀವಂತ ಉಣ್ಣೆ ಕಾಣುತ್ತದೆ, ಕಾಣಲೇಬೇಕು. "ಕೆಲಸ ಮಾಡಲಿಲ್ಲ" ಎಂದು ಅವತ್ತೇ ಇನ್ನೊಂದು ಔಷಧಿ ಮೈಗೆ ಸುರಿಯಬೇಡಿ. ಎರಡು ದಿನ ಕಾಯಿರಿ.

*ಬೆನ್ನಿಗೆ ಹಾಕುವ ಹನಿ.* ಫಿಪ್ರೊನಿಲ್ ಹನಿ ಇದಕ್ಕಿಂತ ಅಗ್ಗ, ತಿಂಗಳಿಗೊಮ್ಮೆ ಹಾಕಬೇಕು. ಹೆಗಲ ನಡುವೆ ಕೂದಲು ಬಿಡಿಸಿ ಚರ್ಮಕ್ಕೆ ಬೀಳುವಂತೆ ಹಾಕಿ. ಹಾಕುವ ಎರಡು ದಿನ ಮುಂಚೆ, ಹಾಕಿದ ಎರಡು ದಿನ ಆಮೇಲೆ ಸ್ನಾನ ಬೇಡ. ಚೆನ್ನಾಗಿ ಶಾಂಪೂ ಹಾಕಿ ಉಜ್ಜಿ, ಮೈ ಆರುವ ಮೊದಲೇ ಹನಿ ಹಾಕಿದ್ದರಿಂದಲೇ ಎಷ್ಟೋ ಜನರಿಗೆ ಅದು ದಂಡವಾಗಿದೆ. ಮೊಲ ಸಾಕಿದ್ದರೆ ಅದರ ಹತ್ತಿರ ಇದನ್ನು ತರಬೇಡಿ, ಮೊಲಕ್ಕೆ ಫಿಪ್ರೊನಿಲ್ ವಿಷ.

*ಹಸುವಿನ ಔಷಧಿ.* ಹಾಲಿನ ಡೇರಿಯ ಊರುಗಳಲ್ಲಿ ದೊಡ್ಡ ಅನಾಹುತ ಆಗುವುದು ಇಲ್ಲಿ. ಹಸುವಿಗೆ ಹಾಕುವ ಐವರ್‌ಮೆಕ್ಟಿನ್ ಸೂಜಿಮದ್ದು ಸಾಮಾನ್ಯವಾಗಿ 1% ಇರುತ್ತದೆ. ಅಂದರೆ 1 ಮಿಲಿ 50 ಕೆ.ಜಿ. ತೂಕದ ಜಾನುವಾರಿಗೆ ಆಗುವಷ್ಟು. 10 ಕೆ.ಜಿ. ನಾಯಿಗೆ ಅಂದಾಜಿನಲ್ಲಿ ಒಂದು ಮಿಲಿ ಹಾಕಿದರೆ ಐದು ಪಟ್ಟು ಹೋಯಿತು. ಕಾಲಿ (Collie) ಎಂಬ ಕುರಿ ಕಾಯುವ ತಳಿ, ಅದರ ಬೆರಕೆ ನಾಯಿಗಳಲ್ಲಿ ಈ ಔಷಧಿ ಮಿದುಳಿಗೇ ಇಳಿದು ಕೊಲ್ಲಬಲ್ಲದು. ಇಷ್ಟೆಲ್ಲ ಅಪಾಯ ಹೊತ್ತರೂ ನಾಯಿ ಉಣ್ಣೆಗೆ ಅದು ಒಳ್ಳೆಯ ಮದ್ದೂ ಅಲ್ಲ.

ಅಮಿಟ್ರಾಜ್, ಡೆಲ್ಟಾಮೆಥ್ರಿನ್ ದ್ರಾವಣಗಳನ್ನು ವೈದ್ಯರು ನಾಯಿಗೂ ಬರೆದುಕೊಡುವುದುಂಟು. ಅವರು ಹೇಳಿದ ಅಳತೆಯಲ್ಲಿ ನೀರು ಬೆರೆಸಿ, ಅವತ್ತೇ ಬಳಸಿ, ಮೈ ಒಣಗುವವರೆಗೆ ನೆಕ್ಕದಂತೆ ಕಾಯಬೇಕು. ಉಳಿದದ್ದನ್ನು ಬಾಟಲಿಯಲ್ಲಿ ಎತ್ತಿಡಬಾರದು. ಬೆಕ್ಕಿಗೆ ಎರಡೂ ವಿಷ. ಟೊಮೆಟೊ, ದ್ರಾಕ್ಷಿಗೆ ಹೊಡೆಯುವ ಕೀಟನಾಶಕವನ್ನು ನಾಯಿಯ ಮೈಗೆ ಯಾವ ಕಾರಣಕ್ಕೂ ಹಾಕಬಾರದು.

*ವಿಷ ಏರಿದ್ದರ ಗುರುತು:* ಜೊಲ್ಲು ಸುರಿಯುವುದು, ಮೈ ನಡುಕ, ವಾಂತಿ, ತೂರಾಡುವುದು, ಕಣ್ಣಿನ ಪಾಪೆ ತೀರ ಕಿರಿದಾಗುವುದು ಅಥವಾ ಅಗಲವಾಗುವುದು, ಫಿಟ್ಸ್. ಮೈಗೆ ಹಾಕಿದ್ದಾದರೆ ಕೈಗವಸು ತೊಟ್ಟು ಸೋಪಿನ ನೀರಿನಲ್ಲಿ ತೊಳೆಯಿರಿ. ಬಾಯಿಗೆ ಎಣ್ಣೆ, ಹಾಲು, ಉಪ್ಪುನೀರು ಹುಯ್ಯಬೇಡಿ, ವಾಂತಿ ಮಾಡಿಸಬೇಡಿ. ಔಷಧಿಯ ಬಾಟಲಿಯನ್ನೇ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಓಡಿ.

ಹಂತ 4: ಅದೇ ದಿನ ಗೋಡೆ

ಇದು "ಭಾನುವಾರ ಮಾಡೋಣ" ಎಂದು ಮುಂದೂಡುವ ಕೆಲಸವಲ್ಲ. ನಾಯಿಗೆ ಔಷಧಿ ಕೊಟ್ಟ ದಿನವೇ ಶುರುವಾಗಬೇಕು.

ನಾಯಿ ಮಲಗುವ ಜಾಗದಿಂದ ಆರಂಭಿಸಿ. ಹಳೆಯ ಗೋಣಿಚೀಲ, ಚಿಂದಿ ಬಟ್ಟೆ ಸುಟ್ಟುಬಿಡಿ. ಬೇಕಾದ ಬಟ್ಟೆಯನ್ನು ಕುದಿನೀರಿನಲ್ಲಿ ಅದ್ದಿ ಉರಿಬಿಸಿಲಿನಲ್ಲಿ ಒಣಗಿಸಿ. ನಂತರ ಗೋಡೆ ನೋಡಿ. ಈ ಉಣ್ಣೆಗೆ ಮೇಲಕ್ಕೆ ಹತ್ತುವ ಅಭ್ಯಾಸ. ನೆಲದ ಮೇಲೆ ಒಂದಡಿ ಸಿಂಪಡಿಸಿ ಬಿಟ್ಟರೆ ಚಪ್ಪಡಿ ಸಂದಿನಲ್ಲಿ, ಹೆಂಚಿನ ಕೆಳಗಿನ ತೊಲೆಯಲ್ಲಿ, ಕರೆಂಟ್ ಪೈಪಿನ ಹಿಂದೆ ಇರುವವು ಹಾಗೇ ಉಳಿಯುತ್ತವೆ. ಕಲ್ಲು ಚಪ್ಪಡಿ ಹೊದಿಸಿದ ಹಳೆಯ ಮನೆಗಳಲ್ಲಿ ಸೂರಿನ ತನಕ ಟಾರ್ಚ್ ಬಿಟ್ಟು ನೋಡಲೇಬೇಕು.

ಗಟ್ಟಿ ಪೊರಕೆ, ತಂತಿ ಬ್ರಷ್‌ನಿಂದ ಸಂದು ಕೆರೆದು, ಕಸವನ್ನು ಸುಡಿ. ಕಲ್ಲು, ಸಿಮೆಂಟಿನ ಬಿರುಕಿಗೆ ಕುದಿಯುವ ನೀರು ಹುಯ್ಯಿರಿ. ಆಮೇಲೆ ಬಿರುಕನ್ನು ಸಿಮೆಂಟಿನಿಂದಲೋ ಮಣ್ಣಿನಿಂದಲೋ ಮುಚ್ಚಿ. ಬಿರುಕು ಮುಚ್ಚುವುದು ಬೇಸರದ ಕೆಲಸ, ಆದರೆ ಇಡೀ ಪಟ್ಟಿಯಲ್ಲಿ ಒಮ್ಮೆ ಮಾಡಿದರೆ ವರ್ಷಗಟ್ಟಲೆ ಉಳಿಯುವುದು ಇದೊಂದೇ. ಕೋಳಿ ಫಾರಂನವರ ಹತ್ತಿರ ಫ್ಲೇಮ್ ಗನ್ (ಬೆಂಕಿಯ ಜ್ವಾಲೆ ಹಾಯಿಸುವ ಸಾಧನ) ಸಿಕ್ಕರೆ ಖಾಲಿ ಕಲ್ಲಿನ ಕೊಟ್ಟಿಗೆಯ ಸಂದುಗಳಿಗೆ ಹಿಡಿಯಬಹುದು. ಹುಲ್ಲು, ಮರ, ವೈರಿಂಗ್ ಇರುವ ಕಡೆ ಬೇಡ.

ಇಷ್ಟಾದ ಮೇಲೆಯೇ ಸಿಂಪಡಣೆ. ಕೊಟ್ಟಿಗೆಗೆಂದೇ ಸಿಗುವ ಡೆಲ್ಟಾಮೆಥ್ರಿನ್ ಅಥವಾ ಸೈಪರ್‌ಮೆಥ್ರಿನ್ ಅನ್ನು ಚೀಟಿಯಲ್ಲಿರುವ ಅಳತೆಯಂತೆ ಬೆರೆಸಿ ಸಂದುಗಳಿಗೆ ಇಳಿಯುವಂತೆ ಹೊಡೆಯಿರಿ. ಮೇವು, ನೀರಿನ ತೊಟ್ಟಿ ಮುಚ್ಚಿರಬೇಕು. ಒಣಗುವ ತನಕ ದನ, ನಾಯಿ, ಬೆಕ್ಕು, ಮಕ್ಕಳು ಒಳಗೆ ಬರಬಾರದು. ಮೀನು ಬಿಟ್ಟಿರುವ ಕೃಷಿಹೊಂಡಕ್ಕೆ ಇದರ ಹನಿಯೂ ಹರಿಯಬಾರದು.

*ರೇಷ್ಮೆ ಇರುವವರು ಇಲ್ಲಿ ನಿಲ್ಲಿ.* ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದ ಹಳ್ಳಿಗಳಲ್ಲಿ ಹುಳುಮನೆಯೂ ನಾಯಿ ಕಟ್ಟುವ ಜಾಗವೂ ಒಂದೇ ಗೋಡೆಯ ಎರಡು ಮಗ್ಗುಲು. ಮೇಲೆ ಹೇಳಿದ ಎರಡು ಔಷಧಿಗಳೂ ಕೀಟ ಕೊಲ್ಲುವಂಥವು, ರೇಷ್ಮೆಹುಳುವೂ ಕೀಟವೇ. ಅತಿ ಕಡಿಮೆ ಪ್ರಮಾಣದಲ್ಲಿ ಸೊಪ್ಪಿಗೆ ಬಿದ್ದರೂ ಇಡೀ ಬೆಳೆ ಹೋಗುತ್ತದೆ. ಆದ್ದರಿಂದ ಹುಳುಮನೆಗೆ ತಾಗಿದ ಗೋಡೆಗೆ, ಹಿಪ್ಪುನೇರಳೆ ತೋಟದ ಅಂಚಿಗೆ, ಚಂದ್ರಿಕೆ (ಹುಳು ಗೂಡು ಕಟ್ಟುವ ತಟ್ಟೆ) ಇಡುವ ಜಗುಲಿಗೆ ಸಿಂಪಡಣೆ ಬೇಡ, ಎರಡು ಬೆಳೆಯ ನಡುವಿನ ಬಿಡುವಿನಲ್ಲೂ ಬೇಡ. ಗೋಡೆಯಲ್ಲಿ ಉಳಿದದ್ದು ಮುಂದಿನ ಬೆಳೆಗೂ ಕಾಡುತ್ತದೆ. ಸಿಂಪಡಿಸಿದ ಪಂಪನ್ನು, ತೊಟ್ಟ ಬಟ್ಟೆಯನ್ನು ಸೊಪ್ಪಿನ ಹತ್ತಿರ ಒಯ್ಯಬೇಡಿ. ನಾಯಿಗೂ ಮೈಗೆ ಹಚ್ಚುವುದರ ಬದಲು ಮಾತ್ರೆ ಕೊಡಿ, ಹುಳುಮನೆಯೊಳಗೆ ಬಿಡಬೇಡಿ. ನಿಮ್ಮ ಪಾಲಿಗೆ ಉಳಿದಿರುವುದು ಕುದಿನೀರು, ಬ್ರಷ್, ಸಿಮೆಂಟು. ನಿಧಾನ, ಆದರೆ ಆಗುತ್ತದೆ. ಹುಳುಮನೆ ತೊಳೆಯುವ ಬ್ಲೀಚಿಂಗ್ ಪೌಡರ್, ಸುಣ್ಣ ರೋಗಾಣುವಿಗೆ ಸರಿ, ಉಣ್ಣೆಗೆ ಅವನ್ನು ನಂಬಬೇಡಿ.

*ಕುರಿ ಮಂದೆಯ ನಾಯಿ.* ಸಿರಾ, ಪಾವಗಡ, ಮಧುಗಿರಿ ಕಡೆ ಮಂದೆಯ ಹಿಂದೆ ಹೊಲದಿಂದ ಹೊಲಕ್ಕೆ ಹೋಗುವ ನಾಯಿಗೆ ಮನೆಯ ಗೋಡೆ ಇಲ್ಲ, ರೊಪ್ಪದ (ಕುರಿ ಕೂಡುವ ದೊಡ್ಡಿಯ) ಕಲ್ಲುಗೋಡೆ ಇದೆ. ರೊಪ್ಪದ ಕಲ್ಲಿನ ಸಂದಿಗೂ ಇದೇ ಕ್ರಮ. ಬಯಲಿನ ಪೊದೆಯಿಂದ ಬೇರೆ ಜಾತಿಯ ಉಣ್ಣೆಯೂ ಹತ್ತುವುದರಿಂದ ಈ ನಾಯಿಗಳನ್ನು ಪ್ರತಿ ಸಂಜೆ ಹುಡುಕಬೇಕು. ಕುರಿಗೆ ಔಷಧಿ ಸ್ನಾನ ಮಾಡಿಸಿದ ದಿನ ಆ ನೀರನ್ನು ನಾಯಿ ಕುಡಿಯದಂತೆ, ಒದ್ದೆ ಕುರಿಯ ಮೈ ನೆಕ್ಕದಂತೆ ಕಟ್ಟಿಹಾಕಿ.

ಹಂತ 5: ಹನ್ನೆರಡು ವಾರ ಬಿಡದೆ

ಮೊದಲ ತಿಂಗಳು ಮುಗಿಯುವ ಹೊತ್ತಿಗೆ ನಾಯಿ ಚೊಕ್ಕವಾಗಿ ಕಾಣುತ್ತದೆ. ಹೆಚ್ಚಿನವರು ನಿಲ್ಲಿಸುವುದು ಅಲ್ಲೇ. ಗೋಡೆಯಲ್ಲಿರುವ ಮೊಟ್ಟೆ ಆಗಿನ್ನೂ ಒಡೆಯುತ್ತಿರುತ್ತದೆ. ಒಂದು ಪೂರ್ತಿ ಸುತ್ತು ಮುಗಿದು ಸ್ವಲ್ಪ ಮೇಲಾಗುವ ತನಕ, ಅಂದರೆ ಮೂರು ತಿಂಗಳು, ನಾಯಿಯ ಮೇಲೆ ಔಷಧಿಯ ಕಾವಲು ಒಂದು ದಿನವೂ ತಪ್ಪಬಾರದು. ತಿಂಗಳ ಮಾತ್ರೆಯಾದರೆ ಮೂರು, ಹನ್ನೆರಡು ವಾರದ್ದಾದರೆ ಒಂದು.

ಈ ಅವಧಿಯಲ್ಲಿ ನಾಯಿ ಹಳೆಯ ಜಾಗದಲ್ಲೇ ಮಲಗಲಿ. ಜಾಗ ಬದಲಿಸುವುದು ಒಳ್ಳೆಯದೆಂದು ತೋರುತ್ತದೆ, ಆಗುವುದು ತಿರುಗುಮುರುಗು. ಹಳೆಯ ಗೋಡೆಯ ಉಣ್ಣೆ ಹಸಿದೇ ತಿಂಗಳುಗಟ್ಟಲೆ ಕಾಯುತ್ತದೆ, ಹೊಸ ಗೋಡೆಗೂ ಒಂದಿಷ್ಟು ಉದುರುತ್ತದೆ. ಔಷಧಿ ಒಳಗಿರುವ ನಾಯಿ ಅಲ್ಲೇ ಮಲಗಿದರೆ ಹಸಿದ ಉಣ್ಣೆ ಬಂದು ಕಚ್ಚಿ ಸಾಯುತ್ತದೆ. ಗೋಡೆಯ ಸಂಗ್ರಹ ಬರಿದಾಗುವುದು ಹಾಗೆಯೇ.

ಎರಡು ವಾರಕ್ಕೊಮ್ಮೆ ಬ್ರಷ್, ಕುದಿನೀರು. ವಾರಕ್ಕೊಮ್ಮೆ ರಾತ್ರಿ ಟಾರ್ಚ್ ಹಿಡಿದು ಗೋಡೆ ನೋಡಿ, ನಾಯಿಯ ಎರಡು ಕಿವಿ, ನಾಲ್ಕು ಪಾದಗಳಲ್ಲಿ ಸಿಕ್ಕ ಉಣ್ಣೆ ಎಣಿಸಿ, ದಿನಾಂಕದ ಜೊತೆ ನೋಟ್‌ಬುಕ್‌ನಲ್ಲಿ ಬರೆಯಿರಿ. ಸಂಖ್ಯೆ ಏರಿಳಿಯುತ್ತಾ ಕೆಳಗಿಳಿಯುವುದು ಸಹಜ. ಆರನೇ ವಾರದಲ್ಲಿ ಸಣ್ಣ ಮರಿಗಳು ಒಮ್ಮೆಗೇ ಕಂಡರೆ ಗಾಬರಿ ಬೇಡ, ಮೊಟ್ಟೆ ಒಡೆದಿದೆ. ಎಂಟು ವಾರವಾದರೂ ರಕ್ತ ಕುಡಿದು ಊದಿದ ಉಣ್ಣೆ ನಾಯಿಯ ಮೇಲೆ ಸಿಗುತ್ತಿದ್ದರೆ ಮಾತ್ರ ಚಿಂತೆ. ಡೋಸ್ ತೂಕಕ್ಕೆ ಸಾಲುತ್ತಿಲ್ಲ, ನಾಯಿ ಮಾತ್ರೆ ಉಗಿದಿದೆ, ಇಲ್ಲವೇ ಮನೆಯ ಇನ್ನೊಂದು ನಾಯಿ ತಪ್ಪಿಹೋಗಿದೆ. ಸಿಂಪಡಣೆಗೆ ಉಣ್ಣೆ ಬಗ್ಗದಿದ್ದರೆ ಅದು ಆ ಔಷಧಿಗೆ ಒಗ್ಗಿರಲೂಬಹುದು. ಅಳತೆ ಹೆಚ್ಚಿಸಬೇಡಿ, ವೈದ್ಯರನ್ನು ಕೇಳಿ ಔಷಧಿಯನ್ನೇ ಬದಲಿಸಿ.

ಗೇಟಿನ ಪಕ್ಕ ಮಲಗುವ ಬೀದಿನಾಯಿಗೆ ನೀವೇ ದಿನಾ ಅನ್ನ ಹಾಕುತ್ತಿದ್ದರೆ ಅದನ್ನೂ ಮನೆಯ ನಾಯಿಯ ಲೆಕ್ಕಕ್ಕೆ ಸೇರಿಸಿ. ಹೊಸ ಮರಿ ತಂದರೆ ಒಳಗೆ ಬಿಡುವ ಮೊದಲೇ ಪೂರ್ತಿ ಹುಡುಕಿ.

ಹಂತ 6: ಉಣ್ಣೆ ಜ್ವರದ ಗುರುತು ಕಲಿಯಿರಿ

ಉಣ್ಣೆ ಹೋದ ಮೇಲೂ ಎರಡು ಮೂರು ವಾರ ನಾಯಿಯ ಮೇಲೆ ಕಣ್ಣಿರಲಿ. ಎರ್ಲಿಕಿಯಾ, ಬೆಬೇಸಿಯಾ ಎಂಬ ರೋಗಾಣುಗಳು ಉಣ್ಣೆಯ ಕಚ್ಚುವಿಕೆಯಿಂದ ರಕ್ತಕ್ಕೆ ಸೇರುತ್ತವೆ, ಕಾಯಿಲೆ ಕಾಣಿಸಿಕೊಳ್ಳುವುದು ಆಮೇಲೆ.

ಮೊದಲ ಗುರುತು ಊಟ ಬಿಡುವುದು, ಮಂಕಾಗುವುದು. ಮಂದೆಯ ಮುಂದೆ ಓಡುತ್ತಿದ್ದ ನಾಯಿ ಜಾಲಿ ನೆರಳು ಬಿಟ್ಟು ಏಳದಿದ್ದರೆ ಬಿಸಿಲಿನ ಆಯಾಸ ಎಂದು ಬಿಡಬೇಡಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಆರೋಗ್ಯವಾಗಿರುವ ನಾಯಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಮೂಗು ಒಣಗಿದೆ, ಮೈ ಬಿಸಿಯಿದೆ ಎಂಬ ಲೆಕ್ಕ ನಡೆಯುವುದಿಲ್ಲ. ಮೇಲ್ದುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು.

ಈ ಕೆಳಗಿನ ಯಾವುದೇ ಒಂದು ಕಂಡರೂ ಮಾರನೇ ದಿನಕ್ಕೆ ಕಾಯಬಾರದು: ಬಿಳಿಚಿದ ಅಥವಾ ಹಳದಿ ಒಸಡು, ಮೂಗಿನಿಂದ ರಕ್ತ, ಹೊಟ್ಟೆಯ ಚರ್ಮದ ಮೇಲೆ ಕೆಂಪು ನೇರಳೆ ಚುಕ್ಕೆ, ಕಾಫಿ ಬಣ್ಣದ ಮೂತ್ರ, ಕಪ್ಪು ಮಲ, ಕಣ್ಣು ಮಸುಕಾಗುವುದು, ನಿಲ್ಲಲಾಗದ ನಿತ್ರಾಣ.

ಜ್ವರ ಇಳಿಸಲು ಮನೆಯಲ್ಲಿರುವ ಮನುಷ್ಯರ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸುರಿಸುತ್ತವೆ. ಉಣ್ಣೆ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಮೊದಲೇ ಕುಸಿದಿರುತ್ತದೆ, ಎರಡೂ ಸೇರಿದರೆ ಕೈಮೀರುತ್ತದೆ. ಪ್ಯಾರಾಸಿಟಮಾಲ್ ಕೂಡ ವೈದ್ಯರು ಹೇಳದೆ ಬೇಡ.

ತಾಲ್ಲೂಕು ಪಶು ಆಸ್ಪತ್ರೆಗೆ ಹೋದಾಗ ರಕ್ತದ ಸ್ಮಿಯರ್ (ಗಾಜಿನ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಮತ್ತು ಪ್ಲೇಟ್‌ಲೆಟ್ ಎಣಿಕೆ ಮಾಡಿಸಬಹುದೇ ಎಂದು ಕೇಳಿ. ಅಲ್ಲಿ ಆಗದಿದ್ದರೆ ಊರಿನ ಖಾಸಗಿ ಪ್ರಾಣಿ ಚಿಕಿತ್ಸಾಲಯ, ಇಲ್ಲವೇ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಪರೀಕ್ಷೆ ಯಾಕೆ ಮುಖ್ಯವೆಂದರೆ ಎರ್ಲಿಕಿಯಾಗೆ ಕೊಡುವ ಡಾಕ್ಸಿಸೈಕ್ಲಿನ್ ಒಂದರಿಂದಲೇ ಬೆಬೇಸಿಯಾ ವಾಸಿಯಾಗುವುದಿಲ್ಲ, ಅದಕ್ಕೆ ಬೇರೆ ಔಷಧಿ. ಪಕ್ಕದ ಮನೆಯ ನಾಯಿಗೆ ಬರೆದ ಚೀಟಿ ನಿಮ್ಮದಕ್ಕೆ ಆಗಲಿಕ್ಕಿಲ್ಲ.

ಡಾಕ್ಸಿಸೈಕ್ಲಿನ್ ಅನ್ನು ಸಾಮಾನ್ಯವಾಗಿ 28 ದಿನ ಬರೆಯುತ್ತಾರೆ. ಎರಡು ಮೂರು ದಿನಕ್ಕೆ ಜ್ವರ ಇಳಿದು ನಾಯಿ ಬಾಲ ಆಡಿಸುತ್ತದೆ, ವಾರಕ್ಕೆ ಮನೆಯವರು ಮಾತ್ರೆ ನಿಲ್ಲಿಸಿಬಿಡುತ್ತಾರೆ, ತಿಂಗಳೆರಡು ತಿಂಗಳಿಗೆ ಮೂಗಿನ ರಕ್ತದೊಂದಿಗೆ ಅದೇ ಕಾಯಿಲೆ ಇನ್ನೂ ಬಲವಾಗಿ ಮರಳುತ್ತದೆ. ಮಾತ್ರೆಯನ್ನು ಅನ್ನದ ಜೊತೆ ಕೊಟ್ಟು ಮೇಲೆ ನೀರು ಕುಡಿಸಿ, ಗಂಟಲಲ್ಲಿ ಅಂಟಿದರೆ ಅಲ್ಲಿ ಹುಣ್ಣಾಗುತ್ತದೆ. ಕೋರ್ಸ್ ಮುಗಿದ ಮೇಲೆ ಪ್ಲೇಟ್‌ಲೆಟ್ ಮತ್ತೊಮ್ಮೆ ಎಣಿಸಿ, ವೈದ್ಯರು ಸರಿ ಎನ್ನುವ ತನಕ ಆ ನಾಯಿಯನ್ನು ಮಂದೆಯ ಹಿಂದೆ ಕಳಿಸಬೇಡಿ, ಬೈಕಿನ ಹಿಂದೆ ಓಡಿಸಬೇಡಿ.